ಮಳೆ ಜಾಕೆಟ್ ನೆನೆಯುತ್ತಿದೆ: ಒಗೆಯಬೇಕೇ, ಸ್ಪ್ರೇ ಹೊಡೆಯಬೇಕೇ, ಹೊಸದು ಕೊಳ್ಳಬೇಕೇ?

ಪ್ರಶ್ನೆ: ನಾವು ಧಾರವಾಡದ ಕಡೆಯವರು, ಈಗ ಪುಣೆಯ ಕೋಥ್ರೂಡ್‌ನಲ್ಲಿ ಇದ್ದೇವೆ. ನಾಲ್ಕು ವರ್ಷದ ಹಿಂದೆ ನಾನೂ ನನ್ನ ಹೆಂಡತಿಯೂ ಒಂದೊಂದು ವಾಟರ್‌ಪ್ರೂಫ್ ಜಾಕೆಟ್ ತಗೊಂಡೆವು. ನನ್ನದು ಸ್ವಲ್ಪ ದುಬಾರಿ, ಲೇಬಲ್ ಮೇಲೆ ‘3 ಲೇಯರ್’ ಅಂತ ಇದೆ. ಅವಳದು ಕಡಿಮೆ ಬೆಲೆಯದು, ಒಳಗೆ ಬಿಳಿ ಲೇಪ ಕಾಣುತ್ತದೆ. ಹಿಂಜವಡಿಗೆ ಬೈಕ್ ಮೇಲೆ ಹೋಗುವಾಗಲೂ ನಾನು ಇದನ್ನೇ ಹಾಕುತ್ತೇನೆ, ಮಳೆಗಾಲದ ಟ್ರೆಕ್‌ಗೂ ಇದೇ. ಊರಿಂದ ಬಂದಾಗ ಅವ್ವ ಉಳಿದ ಬಟ್ಟೆಯ ಜೊತೆ ಮಷೀನ್‌ಗೆ ಹಾಕಿ, ಘಮ ಬರಲಿ ಅಂತ ಕಂಡೀಷನರ್ ಕೂಡ ಹಾಕಿದ್ದಳು. ಕಳೆದ ಜುಲೈನಲ್ಲಿ ರಾಜಗಡ ಕೋಟೆಗೆ ಹೋದಾಗ ಒಂದು ಗಂಟೆಯಲ್ಲೇ ಭುಜ, ತೋಳು ಎಲ್ಲ ಒದ್ದೆ. ಒಳಗಿನ ಟೀ ಶರ್ಟ್ ಹಿಂಡುವ ಹಾಗಾಗಿತ್ತು. ಹೆಂಡತಿಯ ಜಾಕೆಟ್ ಅಟ್ಟದಿಂದ ತೆಗೆದರೆ ಒಳಗೆಲ್ಲ ಅಂಟಂಟು, ಹುಳಿ ವಾಸನೆ, ಬಿಳಿ ಪುಡಿ ಉದುರುತ್ತಿದೆ. ಅಂಗಡಿಯವರು ‘ಮೆಂಬ್ರೇನ್ ಹೋಗಿದೆ, ಹೊಸದು ತಗೊಳ್ಳಿ’ ಅಂದರು. ಟ್ರೆಕ್ ಗೆಳೆಯರು ‘ಒಗೆಯಲೇಬಾರದಿತ್ತು’ ಅಂತಾರೆ. ಒಬ್ಬ ಸಿಲಿಕೋನ್ ಸ್ಪ್ರೇ ಹೊಡಿ ಅಂದ, ಇನ್ನೊಬ್ಬ ಮೇಣ ಉಜ್ಜು ಅಂದ. ಅಂಟುವಾಳದಲ್ಲಿ ಒಗೆದರೆ ಸರಿಹೋಗುತ್ತದೆ ಅನ್ನುವುದು ಅವ್ವನ ಮಾತು. ಮನೆಯಲ್ಲಿ ಡ್ರೈಯರ್ ಇಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಮನೆಯಲ್ಲಿರುವ ಎರಡು ಜಾಕೆಟ್‌ಗಳ ತೊಂದರೆ ಬೇರೆ ಬೇರೆ. ಎರಡೂ ‘ನೀರು ಒಳಗೆ ಬರುತ್ತಿದೆ’ ಅಂತಲೇ ಕಾಣುವುದರಿಂದ ಒಂದೇ ಮದ್ದು ಹುಡುಕುತ್ತಿದ್ದೀರಿ. ನೀವು ಬರೆದದ್ದನ್ನು ನೋಡಿದರೆ ನಿಮ್ಮ ಜಾಕೆಟ್ ಬಹುಶಃ ಸರಿಯಾಗಿಯೇ ಇದೆ, ಬರೀ ಕೊಳೆಯಾಗಿದೆ. ನಿಮ್ಮ ಮನೆಯವರ ಜಾಕೆಟ್ ಮಾತ್ರ ಮುಗಿದಿದೆ. ಅದಕ್ಕೆ ಯಾವ ಬಾಟಲಿಯ ಮೇಲೂ ದುಡ್ಡು ಹಾಕಬೇಡಿ.

ನಾನು ಇಚಲಕರಂಜಿಯ ಕಡೆ ಬಟ್ಟೆ ಪ್ರೊಸೆಸಿಂಗ್ ಗಿರಣಿಯಲ್ಲಿ ಫಿನಿಶಿಂಗ್ ಕೆಲಸ ಮಾಡಿದವನು. ಈಗ ಪುಣೆಯಲ್ಲಿ ಟ್ರೆಕ್ಕಿಂಗ್ ಸಾಮಾನು ರಿಪೇರಿ ಮಾಡುತ್ತೇನೆ. ‘ಮೆಂಬ್ರೇನ್ ಹೋಗಿದೆ’ ಅಂತ ನನ್ನ ಮೇಜಿಗೆ ಬರುವ ಜಾಕೆಟ್‌ಗಳಲ್ಲಿ ಹೆಚ್ಚಿನವು ಒಗೆದು ಒಣಗಿಸಿ ಸ್ವಲ್ಪ ಬಿಸಿ ಕೊಟ್ಟರೆ ಮತ್ತೆ ಮಳೆ ತಡೆಯುತ್ತವೆ. ಅಷ್ಟಕ್ಕಾಗಿ ಸಾವಿರಾರು ರೂಪಾಯಿಯ ಹೊಸ ಜಾಕೆಟ್ ಕೊಳ್ಳುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಮೊದಲು ಜಾಕೆಟ್ ಒಳಗೆ ಏನಿದೆ ಅಂತ ನೋಡೋಣ. ನಿಮ್ಮ ಮೂರು ಪದರದ ಜಾಕೆಟ್‌ನಲ್ಲಿ ಹೊರಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಇದೆ. ಅದರ ಹಿಂದೆ ತೆಳ್ಳಗಿನ ಮೆಂಬ್ರೇನ್ ಅಂಟಿಸಿದ್ದಾರೆ. ಅದರ ಹಿಂದೆ, ಮೈ ಕಡೆಗೆ, ಜಾಳು ಜಾಳಾದ ಬಟ್ಟೆ. ನೀರನ್ನು ನಿಜವಾಗಿ ತಡೆಯುವುದು ನಡುವಿನ ಆ ಮೆಂಬ್ರೇನ್. 1969ರಲ್ಲಿ ಬಾಬ್ ಗೋರ್ ಅನ್ನುವವರು ಟೆಫ್ಲಾನ್ ಜಾತಿಯ ಪ್ಲಾಸ್ಟಿಕನ್ನು ಬಿಸಿ ಮಾಡಿ, ಜೋರಾಗಿ ಎಳೆದು, ಸೂಕ್ಷ್ಮ ರಂಧ್ರಗಳ ಹಾಳೆ ಮಾಡಿದರು. ಗೋರ್‌ಟೆಕ್ಸ್ ಬಂದದ್ದು ಅದರಿಂದ. ನೀರಿನ ಹನಿ ಆ ರಂಧ್ರದಲ್ಲಿ ತೂರುವುದಿಲ್ಲ, ಬೆವರಿನ ಆವಿ ತೂರುತ್ತದೆ. ಇನ್ನು ಕೆಲವು ಕಂಪನಿಗಳು ಪಾಲಿಯುರಿಥೇನ್ ಅನ್ನುವ ಬೇರೆ ಪ್ಲಾಸ್ಟಿಕ್‌ನ ಹಾಳೆ ಬಳಸುತ್ತವೆ.

ಹಾಗಾದರೆ ಹೊರಗಿನ ಬಟ್ಟೆಯ ಮೇಲೆ ಹನಿಗಳು ಉರುಳುವುದು ಹೇಗೆ? ಅದು ಮೆಂಬ್ರೇನ್‌ನ ಕೆಲಸವಲ್ಲ. ನೂಲಿನ ಎಳೆ ಎಳೆಗೂ ಹಚ್ಚಿರುವ ಒಂದು ಫಿನಿಶ್‌ನ ಕೆಲಸ. ನಮ್ಮ ಧಂಧೆಯಲ್ಲಿ ಅದಕ್ಕೆ ಡಿಡಬ್ಲ್ಯುಆರ್ (ಡ್ಯೂರಬಲ್ ವಾಟರ್ ರಿಪೆಲೆಂಟ್, ಬಾಳಿಕೆ ಬರುವ, ನೀರು ತಳ್ಳುವ ಲೇಪ) ಅಂತಾರೆ. ಇದರ ಅಣುಗಳಿಗೆ ಸಣ್ಣ ಬಾಲಗಳಿರುತ್ತವೆ. ಅವು ಎದ್ದು ನಿಂತಿರುವ ತನಕ ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಮುತ್ತಾಗಿ ಜಾರುತ್ತದೆ. ಉಜ್ಜಾಟ, ಕೊಳೆ, ಎಣ್ಣೆ, ಸೋಪಿನ ಪಸೆಯಿಂದ ಬಾಲಗಳು ಮಲಗುತ್ತವೆ ಅಥವಾ ಮುಚ್ಚಿಹೋಗುತ್ತವೆ. ಆಗ ಹೊರಗಿನ ಬಟ್ಟೆ ನೀರು ಕುಡಿಯಲು ಶುರುಮಾಡುತ್ತದೆ.

ರಾಜಗಡದಲ್ಲಿ ನಿಮಗೆ ಆದದ್ದು ಇದೇ ಅಂತ ನನ್ನ ಅಂದಾಜು. ಹೊರ ಬಟ್ಟೆ ನೀರು ಕುಡಿದು ತಣ್ಣಗಾಯಿತು. ಅದರ ಹಿಂದಿನ ಮೆಂಬ್ರೇನ್ ಇನ್ನೂ ಗಟ್ಟಿಯಾಗಿಯೇ ಇತ್ತು, ಆದರೆ ಅದರ ಮುಂದೆ ಒದ್ದೆ ಬಟ್ಟೆಯ ಗೋಡೆ ನಿಂತಿತು. ಬೆವರಿನ ಆವಿಗೆ ಹೊರಗೆ ಹೋಗಲು ದಾರಿ ಇಲ್ಲ. ತಣ್ಣಗಿನ ಮೆಂಬ್ರೇನ್‌ಗೆ ತಾಗಿ ಅದು ಒಳಗೇ ನೀರಾಯಿತು. ಟೀ ಶರ್ಟ್ ಹಿಂಡುವ ಹಾಗಾದದ್ದು ಬಹುಪಾಲು ನಿಮ್ಮದೇ ಬೆವರಿನಿಂದ. ಮಳೆ ನೀರಿಂದಲ್ಲ.

ನಮ್ಮ ಸಹ್ಯಾದ್ರಿಯಲ್ಲಿ ಇದು ಇನ್ನೂ ಜಾಸ್ತಿ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಬೆವರಿನ ಆವಿಯನ್ನು ಹೊರಗೆ ತಳ್ಳುವುದು ಜಾಕೆಟ್ ಒಳಗಿನ ಮತ್ತು ಹೊರಗಿನ ಆವಿ ಒತ್ತಡಗಳ ನಡುವಿನ ವ್ಯತ್ಯಾಸ. 33 ಡಿಗ್ರಿಯ ಬೆವರಿದ ಚರ್ಮದ ಹತ್ತಿರ ಆ ಒತ್ತಡ ಸುಮಾರು 5 ಕಿಲೋಪಾಸ್ಕಲ್. ಯುರೋಪಿನ ಬೆಟ್ಟದಲ್ಲಿ 5 ಡಿಗ್ರಿಯ ಮಳೆಯಲ್ಲಿ ಹೊರಗಿನ ಒತ್ತಡ 1 ಕಿಲೋಪಾಸ್ಕಲ್‌ಗಿಂತ ಕಡಿಮೆ. ಜುಲೈನ ರಾಜಗಡದಲ್ಲಿ, 24 ಡಿಗ್ರಿ ಮತ್ತು ಮೋಡದೊಳಗೇ ನಿಂತಷ್ಟು ತೇವ ಇರುವಾಗ, ಅದು ಹತ್ತಿರ ಹತ್ತಿರ 3. ಅಂದರೆ ಆವಿಯನ್ನು ತಳ್ಳುವ ಬಲ ನಮ್ಮಲ್ಲಿ ಅಲ್ಲಿಗಿಂತ ಸುಮಾರು ಅರ್ಧ. ಎಷ್ಟೇ ದುಬಾರಿ ಜಾಕೆಟ್ ಇದ್ದರೂ ರಾಜಗಡದ ಏರು ಹತ್ತುವಾಗ ಒಳಗೆ ತೇವ ಆಗಿಯೇ ಆಗುತ್ತದೆ. ಕಂಕುಳ ಕೆಳಗಿನ ಜಿಪ್ ಇದ್ದರೆ ತೆಗೆಯಿರಿ, ಎದೆಯ ಜಿಪ್ ಅರ್ಧ ಇಳಿಸಿ, ಒಳಗೆ ಹತ್ತಿಯ ಬದಲು ಬೇಗ ಒಣಗುವ ಟೀ ಶರ್ಟ್ ಹಾಕಿ. ಇದರಿಂದಲೇ ಅರ್ಧ ಸಮಸ್ಯೆ ಕಡಿಮೆಯಾಗುತ್ತದೆ.

ಆದರೂ ಊಹೆಯ ಮೇಲೆ ಕೂರುವುದು ಬೇಡ, ಪರೀಕ್ಷೆ ಮಾಡಿ ನೋಡಿ. ಗಿರಣಿಯಲ್ಲಿ ನಾವು ಬಟ್ಟೆಯನ್ನು 45 ಡಿಗ್ರಿ ಓರೆಯಾಗಿ ಬಿಗಿದು, 150 ಮಿಲಿಮೀಟರ್ ಎತ್ತರದಿಂದ 250 ಮಿಲಿಲೀಟರ್ ನೀರು ಸಿಂಪಡಿಸಿ, ಎಷ್ಟು ಒದ್ದೆಯಾಯಿತು ಅಂತ ಅಂಕ ಕೊಡುತ್ತೇವೆ. ಒಂದು ಹನಿಯೂ ಅಂಟದಿದ್ದರೆ 100. ಮೇಲ್ಮೈಯೆಲ್ಲ ಒದ್ದೆಯಾದರೆ 50. ಮನೆಯಲ್ಲಿ ಅಂಕ ಬೇಡ. ಒಣಗಿದ ಜಾಕೆಟ್‌ನ ಭುಜ, ತೋಳು, ಬೆನ್ನಿನ ಮೇಲೆ ಕೈಯಿಂದ ನೀರು ಚಿಮುಕಿಸಿ. ಮುತ್ತಾಗಿ ಉರುಳಿದರೆ ಹೊರ ಫಿನಿಶ್ ಚೆನ್ನಾಗಿದೆ. ಹರಡಿ ಬಟ್ಟೆ ಕಪ್ಪಾದರೆ ಅದು ಮಲಗಿದೆ.

ಇನ್ನೊಂದು ಪರೀಕ್ಷೆ ಮೆಂಬ್ರೇನ್‌ಗೆ. ಒಂದು ಬಟ್ಟಲಿನೊಳಗೆ ಟಿಶ್ಯೂ ಕಾಗದ ಹಾಸಿ. ಜಾಕೆಟ್‌ನ ಹೊರ ಮೈ ಮೇಲೆ ಬರುವ ಹಾಗೆ ಬಟ್ಟಲಿನ ಮೇಲೆ ಹರಡಿ, ಗುಳಿ ಮಾಡಿ, ಅರ್ಧ ಲೋಟ ನೀರು ಹಾಕಿ. ಹತ್ತು ನಿಮಿಷ ಬಿಡಿ. ಆಮೇಲೆ ಹೆಬ್ಬೆರಳಿಂದ ಸ್ವಲ್ಪ ಒತ್ತಿ. ಕೆಳಗಿನ ಕಾಗದ ಒಣಗಿದ್ದರೆ ಆ ಜಾಗದ ಮೆಂಬ್ರೇನ್ ಸರಿಯಾಗಿದೆ. ಬ್ಯಾಗಿನ ಪಟ್ಟಿ ಕೂರುವ ಭುಜದಲ್ಲಿ, ಬೆನ್ನಿನ ಕೆಳಗೆ, ಒಂದು ಹೊಲಿಗೆಯ ಮೇಲೆ, ಹೀಗೆ ಮೂರು ಕಡೆ ನೋಡಿ. ಭುಜದಲ್ಲಿ ಮಾತ್ರ ಕಾಗದ ನೆಂದರೆ ಅಲ್ಲಿ ಪಟ್ಟಿ ಉಜ್ಜಿ ಮೆಂಬ್ರೇನ್ ಸವೆದಿದೆ ಅಂತ ಅರ್ಥ. ಹೊಲಿಗೆಯಲ್ಲಿ ಮಾತ್ರ ನೆಂದರೆ ಸೂಜಿಯ ತೂತು ಮುಚ್ಚಲು ಒಳಗೆ ಅಂಟಿಸಿದ ಟೇಪ್ ಬಿಟ್ಟಿದೆ. ಎಲ್ಲ ಕಡೆ ನೆಂದರೆ ಮಾತ್ರ ಅಂಗಡಿಯವರ ಮಾತು ನಿಜ.

ಈಗ ಗೆಳೆಯರ ಮಾತಿಗೆ ಬರೋಣ. ‘ಒಗೆಯಲೇಬಾರದು’ ಅನ್ನುವುದು ತಪ್ಪು. ಬೆವರು, ಸನ್‌ಸ್ಕ್ರೀನ್, ಕೂದಲಿನ ಎಣ್ಣೆ, ಬೈಕ್ ಓಡಿಸುವಾಗ ಮೆತ್ತುವ ಹೊಗೆಯ ಮಸಿ, ಇವೆಲ್ಲ ಹೊರ ಫಿನಿಶ್ಶನ್ನು ಮುಚ್ಚುತ್ತವೆ. ಕಾಲರ್ ಮತ್ತು ಮಣಿಕಟ್ಟು ಮೊದಲು ನೆನೆಯುವುದು ಇದಕ್ಕೇ. ಹೊಸ ಜಾಕೆಟ್‌ಗಳಿಗೆ ಒಗೆತ ಇನ್ನೂ ಮುಖ್ಯ. ಹಳೆಯ ಫಿನಿಶ್‌ಗಳಲ್ಲಿ ಫ್ಲೋರಿನ್ ರಾಸಾಯನಿಕ ಇರುತ್ತಿತ್ತು, ಅದು ನೀರನ್ನೂ ಎಣ್ಣೆಯನ್ನೂ ತಳ್ಳುತ್ತಿತ್ತು. ಆದರೆ ಈ ಜಾತಿಯ ರಾಸಾಯನಿಕ ಮಣ್ಣು, ನೀರು, ರಕ್ತದಲ್ಲಿ ಸುಲಭಕ್ಕೆ ಒಡೆದು ನಾಶವಾಗುವುದಿಲ್ಲ. ಅವುಗಳಲ್ಲಿ ಒಂದಾದ ಪಿಎಫ್‌ಒಎಯನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ, ಅಂದರೆ ಇಂಥ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದದ, ಪಟ್ಟಿಗೆ ಸೇರಿಸಿದರು. ಈಗ ಬರುವ ಫ್ಲೋರಿನ್ ಇಲ್ಲದ ಫಿನಿಶ್‌ಗಳು ನೀರನ್ನು ಚೆನ್ನಾಗಿ ತಳ್ಳುತ್ತವೆ, ಎಣ್ಣೆಯನ್ನು ತಳ್ಳುವುದಿಲ್ಲ. ನನ್ನ ಮಟ್ಟಿಗೆ ಇದು ಒಳ್ಳೆಯ ಬದಲಾವಣೆ. ಸ್ವಲ್ಪ ಹೆಚ್ಚು ಸಲ ಒಗೆದರಾಯಿತು ಅಷ್ಟೇ.

ಹಾಗಂತ ನಿಮ್ಮ ಗೆಳೆಯರು ಸುಮ್ನೆ ಹೇಳಿದ್ದಲ್ಲ. ಉಳಿದ ಬಟ್ಟೆ ಒಗೆದ ಹಾಗೆ ಒಗೆದರೆ ಜಾಕೆಟ್ ಕೆಡುವುದು ನಿಜ. ಅವ್ವನ ಕಡೆಯಿಂದ ಆದ ತೊಂದರೆ ಮಷೀನ್‌ನದಲ್ಲ, ಕಂಡೀಷನರ್‌ನದು. ಬಟ್ಟೆ ಮೆತ್ತಗಾಗಲಿ ಅಂತಲೇ ಅದು ನೂಲಿನ ಮೇಲೆ ಒಂದು ಪಸೆ ಬಿಡುತ್ತದೆ. ಡಿಟರ್ಜೆಂಟ್‌ನ ಕೆಲಸ ನೀರು ಬಟ್ಟೆಗೆ ಚೆನ್ನಾಗಿ ಹೀರುವ ಹಾಗೆ ಮಾಡುವುದು. ಅದು ಪೂರ್ತಿ ತೊಳೆದುಹೋಗದೆ ಉಳಿದರೆ ಮಳೆಯಲ್ಲೂ ಅದೇ ಕೆಲಸ ಮುಂದುವರಿಸುತ್ತದೆ. ಅವ್ವನಿಗೆ ಬೇಜಾರು ಮಾಡಬೇಡಿ. ಇದೆಲ್ಲ ಸರಿಹೋಗುವಂಥದ್ದೇ.

ಅಂಟುವಾಳದ ವಿಷಯ. ರೇಷ್ಮೆ ಸೀರೆಗೆ, ಉಣ್ಣೆಗೆ ಅದು ಒಳ್ಳೆಯದು. ಆದರೆ ಅದರ ನೊರೆಗೆ ಕಾರಣವಾದ ಸಪೋನಿನ್ ಕೂಡ ಸೋಪಿನ ಕೆಲಸವನ್ನೇ ಮಾಡುತ್ತದೆ. ಉಳಿದರೆ ಅದೂ ನೀರನ್ನು ಕರೆಯುತ್ತದೆ. ಜೊತೆಗೆ ಕಾಯಿಯ ಕಂದು ಬಣ್ಣ, ಸೋಸದೆ ಉಳಿದ ಚೂರು ಒಳಪದರದಲ್ಲಿ ಸೇರಿಕೊಳ್ಳುತ್ತವೆ. ಜಾಕೆಟ್ ಹಾಳಾಗುವುದಿಲ್ಲ, ಲಾಭವೂ ಇಲ್ಲ. ಮೇಣ ಹತ್ತಿಯ ಕ್ಯಾನ್ವಾಸ್‌ಗೆ ಸರಿ. ಮೆಂಬ್ರೇನ್ ಇರುವ ಜಾಕೆಟ್‌ಗೆ ಹಚ್ಚಿದರೆ ಆವಿ ಹೋಗುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಆಮೇಲೆ ತೆಗೆಯುವುದು ತುಂಬಾ ಕಷ್ಟ. ಸಿಲಿಕೋನ್ ಸ್ಪ್ರೇ ಟೆಂಟ್ ಮತ್ತು ಕೆಲವು ಬ್ಯಾಗ್‌ಗಳಿಗೆ ಮಾಡಿದ್ದು. ಒಮ್ಮೆ ಸಿಲಿಕೋನ್ ಕೂತ ಬಟ್ಟೆಯ ಮೇಲೆ ಮುಂದೆ ಬೇರೆ ಫಿನಿಶ್ಶೂ ಹಿಡಿಯುವುದಿಲ್ಲ, ರಿಪೇರಿಯ ಅಂಟೂ ಹಿಡಿಯುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಗೋಡೆ ವಾಟರ್‌ಪ್ರೂಫಿಂಗ್ ದ್ರವವನ್ನು ಹಚ್ಚಿಕೊಂಡು ಬಂದವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಡ್ರೈಕ್ಲೀನ್‌ಗೂ ಕೊಡಬೇಡಿ. ಅದರ ದ್ರಾವಕ ಪದರಗಳನ್ನು ಹಿಡಿದಿಟ್ಟಿರುವ ಅಂಟನ್ನೇ ಸಡಿಲ ಮಾಡಬಹುದು. ಲೇಬಲ್ ಮೇಲೆ ವೃತ್ತಕ್ಕೆ ಅಡ್ಡಗೀಟು ಹಾಕಿದ್ದರೆ ಅದರ ಅರ್ಥ ಅದೇ.

ಒಗೆಯುವ ಕ್ರಮ ಹೇಳುತ್ತೇನೆ. ಮನೆಯಲ್ಲಿ ಮೇಲಿಂದ ಬಟ್ಟೆ ಹಾಕುವ ಮಷೀನ್ ಇದ್ದರೆ ಬಕೆಟ್‌ನಲ್ಲೇ ಒಗೆಯಿರಿ. ಇದರಲ್ಲಿ ಸುರಕ್ಷತೆಯ ವಿಷಯವೂ ಇದೆ. ಜಾಕೆಟ್ ನೀರು ಬಿಡುವುದಿಲ್ಲವಲ್ಲ, ಸ್ಪಿನ್ ಆಗುವಾಗ ಅದರ ಮಡಿಕೆಯಲ್ಲಿ ನೀರು ಚೀಲದಂತೆ ಸಿಕ್ಕಿಕೊಂಡು ಡ್ರಮ್ ಒಂದು ಕಡೆ ವಾಲಿ ಮಷೀನ್ ಕುಣಿಯುತ್ತದೆ. ವಾಟರ್‌ಪ್ರೂಫ್ ಬಟ್ಟೆ ಸ್ಪಿನ್‌ಗೆ ಹಾಕಬೇಡಿ ಅಂತ ಅನೇಕ ಮಷೀನ್‌ಗಳ ಕೈಪಿಡಿಯಲ್ಲೇ ಬರೆದಿರುತ್ತದೆ. ಒಮ್ಮೆ ನಿಮ್ಮದನ್ನು ಓದಿ. ಮುಂಬಾಗಿಲಿನ ಮಷೀನ್ ಆದರೆ, ಕೈಪಿಡಿ ಒಪ್ಪಿದರೆ, ಜಾಕೆಟ್ ಒಂದನ್ನೇ ಹಾಕಿ. 30 ಡಿಗ್ರಿ, ಮೆಲ್ಲಗಿನ ಸೈಕಲ್, ಕಡಿಮೆ ಸ್ಪಿನ್, ಎರಡು ಸಲ ಜಾಲಿಸುವುದು. ಅದಕ್ಕೂ ಮೊದಲು ಸೋಪಿನ ಟ್ರೇ ಹೊರತೆಗೆದು ತೊಳೆಯಿರಿ. ಅದರಲ್ಲಿ ಹಿಂದಿನ ಪುಡಿ ಮತ್ತು ಕಂಡೀಷನರ್ ಹೆಪ್ಪುಗಟ್ಟಿರುತ್ತದೆ.

ಬಕೆಟ್‌ನಲ್ಲಿ ಒಗೆಯುವವರು ಮೊದಲು ಜೇಬುಗಳನ್ನು ಖಾಲಿ ಮಾಡಿ, ಜಿಪ್‌ಗಳನ್ನು ಮುಚ್ಚಿ, ವೆಲ್ಕ್ರೋ ಅಂಟಿಸಿ. ಬಿಟ್ಟ ವೆಲ್ಕ್ರೋ ಉಜ್ಜಿ ಉಜ್ಜಿ ಒಳಬಟ್ಟೆಯನ್ನು ಕಿತ್ತುಬಿಡುತ್ತದೆ. ಉಗುರು ಬೆಚ್ಚಗಿನ ನೀರಿಗೆ ಜಾಕೆಟ್‌ಗೆಂದೇ ಸಿಗುವ ವಾಶ್ ಹಾಕಿ. ನಿಕ್‌ವ್ಯಾಕ್ಸ್, ಗ್ರೇಂಜರ್ಸ್ ಹೆಸರಿನವು ಆನ್‌ಲೈನ್‌ನಲ್ಲಿ ಸಿಗುತ್ತವೆ. ಅದಿಲ್ಲದಿದ್ದರೆ ಬಣ್ಣ ಮತ್ತು ಕಂಡೀಷನರ್ ಸೇರಿಸದ ಸಾದಾ ಲಿಕ್ವಿಡ್ ಡಿಟರ್ಜೆಂಟ್, ಒಂದು ಚಮಚದಷ್ಟು ಸಾಕು. ಪುಡಿ ಬೇಡ, ಅದರ ಕಣ ಹೊಲಿಗೆಯಲ್ಲಿ ಕೂರುತ್ತದೆ. ಬ್ಲೀಚ್ ಬೇಡವೇ ಬೇಡ. ಕಾಲರ್, ಮಣಿಕಟ್ಟು, ಎದೆಯ ಮಸಿಯನ್ನು ಮೆತ್ತನೆ ಸ್ಪಂಜಿನಿಂದ ಉಜ್ಜಿ, ಬ್ರಷ್‌ನಿಂದಲ್ಲ. ಹಿಂಡಬೇಡಿ, ಕಲ್ಲಿಗೆ ಬಡಿಯಬೇಡಿ. ಒಳಗಿನ ಪದರ ಹೊರಗಿನದರಿಂದ ಬಿಡುವುದೇ ಹಾಗೆ.

ಜಾಲಿಸುವುದೇ ಇಡೀ ಕೆಲಸದಲ್ಲಿ ಮುಖ್ಯ. ಸಾಕಾಯಿತೇ ಅಂತ ತಿಳಿಯಲು ಒಂದು ಉಪಾಯ ಇದೆ. ಕೊನೆಯ ನೀರನ್ನು ಒಂದು ಖಾಲಿ ಬಾಟಲಿಗೆ ಅರ್ಧ ತುಂಬಿಸಿ, ಮುಚ್ಚಳ ಹಾಕಿ ಜೋರಾಗಿ ಅಲ್ಲಾಡಿಸಿ. ಮೇಲೆ ನೊರೆ ನಿಂತರೆ ಇನ್ನೂ ಸೋಪಿದೆ, ಮತ್ತೆ ಜಾಲಿಸಿ. ನೊರೆ ತಕ್ಷಣ ಒಡೆದರೆ ಮುಗಿಯಿತು.

ಇಲ್ಲಿ ಪುಣೆಯ ನೀರಿನ ಮಾತು ಬರುತ್ತದೆ. ಖಡಕವಾಸ್ಲಾ ಅಣೆಕಟ್ಟಿನ ನಲ್ಲಿ ನೀರು ಬರುವ ಮನೆಗೆ ಚಿಂತೆ ಇಲ್ಲ. ಆದರೆ ವಾಕಡ್, ಹಿಂಜವಡಿ, ಬಾಣೇರ್ ಕಡೆಯ ಎಷ್ಟೋ ಸೊಸೈಟಿಗಳಲ್ಲಿ ಬೋರ್ ಅಥವಾ ಟ್ಯಾಂಕರ್ ನೀರು. ಅದು ಗಡಸು ನೀರು. ಜಾಕೆಟ್ ವಾಶ್‌ಗಳಲ್ಲಿ ಕೆಲವು ನಿಜವಾದ ಸೋಪಿನಿಂದ ಮಾಡಿದವು. ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಅವು ಬಿಳಿ ಕೆನೆಯಂತೆ ಬಟ್ಟೆಗೆ ಮೆತ್ತುತ್ತವೆ. ಅಂಥ ನೀರಿದ್ದರೆ ಬಾಟಲಿಯ ಮೇಲೆ ಗಡಸು ನೀರಿಗೆ ಹೇಳಿದ ಅಳತೆ ಹಾಕಿ, ಕೊನೆಯ ಜಾಲಾಟಕ್ಕಾದರೂ ಆರ್‌ಒ ಫಿಲ್ಟರ್‌ನ ಕುಡಿಯುವ ಮೆದು ನೀರು (ಅದು ಹೊರಹಾಕುವ ನೀರಲ್ಲ) ಒಂದು ಬಕೆಟ್ ಬಳಸಿ. ಜುಲೈ ಆದರೆ ಮಳೆ ನೀರನ್ನೇ ಹಿಡಿದಿಟ್ಟುಕೊಳ್ಳಿ. ಅದಕ್ಕಿಂತ ಮೆದು ನೀರು ಬೇರೆ ಇಲ್ಲ.

ಅಗಲ ಹ್ಯಾಂಗರ್‌ಗೆ ಹಾಕಿ, ಗಾಳಿಯಾಡುವ ನೆರಳಿನಲ್ಲಿ ಪೂರ್ತಿ ಒಣಗಿಸಿ. ಇಡೀ ದಿನದ ಬಿರುಬಿಸಿಲು ನೈಲಾನ್‌ಗೆ ಒಳ್ಳೆಯದಲ್ಲ. ಈ ಕೆಲಸಕ್ಕೆ ಪುಣೆಯಲ್ಲಿ ಒಳ್ಳೆಯ ಕಾಲ ಮೇ ತಿಂಗಳು. ಗಾಳಿ ಒಣಗಿರುತ್ತದೆ, ಸಂಜೆಯೊಳಗೆ ಜಾಕೆಟ್ ಸಿದ್ಧ. ಜುಲೈನಲ್ಲಿ ಬಾಲ್ಕನಿಯಲ್ಲಿ ನೇತುಹಾಕಿದರೆ ಎರಡು ದಿನವಾದರೂ ತೇವ ಹೋಗುವುದಿಲ್ಲ. ಆಗ ಕೋಣೆಯೊಳಗೆ ಫ್ಯಾನ್ ಕೆಳಗೆ ಹಾಕಿ.

ಒಣಗಿದ ಮೇಲೆ ಬಿಸಿ ಕೊಡಬೇಕು. ಹೆಚ್ಚಿನವರು ಬಿಡುವುದು ಇದನ್ನೇ. ಮಲಗಿದ ಬಾಲಗಳನ್ನು ಮತ್ತೆ ಎಬ್ಬಿಸುವುದು ಬಿಸಿ. ಗಿರಣಿಯಲ್ಲಿ ಬಟ್ಟೆಯನ್ನು ಫಿನಿಶ್ ದ್ರವದಲ್ಲಿ ಅದ್ದಿ, ರೋಲರ್ ನಡುವೆ ಹಿಂಡಿ, ಸ್ಟೆಂಟರ್ ಅನ್ನುವ ಉದ್ದನೆಯ ಬಿಸಿ ಯಂತ್ರದಲ್ಲಿ 150 ಡಿಗ್ರಿಯ ಆಸುಪಾಸಿನಲ್ಲಿ ಓಡಿಸುತ್ತೇವೆ. ಫಿನಿಶ್ ನೂಲಿಗೆ ಕಚ್ಚಿಕೊಳ್ಳುವುದು ಆಗಲೇ. ಮನೆಯಲ್ಲಿ ಅಷ್ಟು ಬಿಸಿ ಸಾಧ್ಯವಿಲ್ಲ, ಮಾಡಲೂಬಾರದು. ಆದರೆ ಅದಕ್ಕಿಂತ ತುಂಬಾ ಕಡಿಮೆ ಬಿಸಿಯಲ್ಲೂ ಗಿರಣಿಯ ಫಿನಿಶ್ ಎಚ್ಚರವಾಗುತ್ತದೆ.

ಲೇಬಲ್ ಮೇಲೆ ಚೌಕದೊಳಗೆ ವೃತ್ತ, ಅದರೊಳಗೆ ಒಂದು ಚುಕ್ಕೆ ಇದ್ದರೆ 60 ಡಿಗ್ರಿಯ ಡ್ರೈಯರ್‌ಗೆ ಒಪ್ಪಿಗೆ ಇದೆ. ಪುಣೆಯ ಅನೇಕ ಲಾಂಡ್ರಿಗಳಲ್ಲಿ ಡ್ರೈಯರ್ ಇರುತ್ತದೆ. ಒಗೆದು ಒಣಗಿಸಿದ ಜಾಕೆಟ್ ಒಯ್ದು, ಕಡಿಮೆ ಬಿಸಿಯಲ್ಲಿ ಇಪ್ಪತ್ತು ನಿಮಿಷ ತಿರುಗಿಸಿ ಕೊಡಿ ಅಂತ ಕೇಳಿ. ಪರಿಮಳದ ಹಾಳೆ ಹಾಕಬೇಡಿ ಅಂತಲೂ ಹೇಳಿ. ಅದು ಸಾಧ್ಯವಾಗದಿದ್ದರೆ ಮನೆಯ ವಿದ್ಯುತ್ ಇಸ್ತ್ರಿಪೆಟ್ಟಿಗೆ. ಲೇಬಲ್ ಮೇಲೆ ಇಸ್ತ್ರಿಗೆ ಒಂದು ಚುಕ್ಕೆ ಇದ್ದರೆ 110 ಡಿಗ್ರಿ ದಾಟುವಂತಿಲ್ಲ. ಅತಿ ಕಡಿಮೆ ಬಿಸಿಗೆ ಇಟ್ಟು, ನಡುವೆ ತೆಳ್ಳಗಿನ ಹತ್ತಿ ಬಟ್ಟೆ ಹಾಸಿ, ನಿಲ್ಲಿಸದೆ ಸರಿಸುತ್ತಾ ಹೋಗಿ. ಒಂದೇ ಕಡೆ ಒತ್ತಬೇಡಿ. ಜಿಪ್, ಲೋಗೋ ಮತ್ತು ಹೊಲಿಗೆಯ ಟೇಪ್ ಇರುವ ಕಡೆ ಇನ್ನೂ ಹುಷಾರು. ಇಸ್ತ್ರಿಗೆ ಅಡ್ಡಗೀಟು ಇದ್ದರೆ ಹೇರ್ ಡ್ರೈಯರ್ ಹಿಡಿದು ಭುಜ, ತೋಳು, ಟೋಪಿಗೆ ಒಂದು ಗೇಣು ದೂರದಿಂದ ಬಿಸಿ ಗಾಳಿ ಕೊಡಿ. ಕೆಲಸ ನಿಧಾನ, ಅಪಾಯ ಕಡಿಮೆ. ಸೊಸೈಟಿಯ ಗೇಟಿನ ಹತ್ತಿರದ ಇಸ್ತ್ರಿವಾಲಾನಿಗೆ ಮಾತ್ರ ಕೊಡಬೇಡಿ. ಇದ್ದಿಲಿನ ಪೆಟ್ಟಿಗೆಯ ಬಿಸಿಗೆ ಅಳತೆ ಇರುವುದಿಲ್ಲ. ನೈಲಾನ್ ಒಂದು ಕ್ಷಣದಲ್ಲಿ ಸುಕ್ಕುಗಟ್ಟಿ ಮಿಂಚುತ್ತದೆ, ಅದು ಮತ್ತೆ ಸರಿಹೋಗುವುದಿಲ್ಲ.

ಇಷ್ಟು ಮಾಡಿ ಮತ್ತೆ ನೀರು ಚಿಮುಕಿಸಿ. ಹನಿ ಉರುಳಿದರೆ ಕೆಲಸ ಮುಗಿಯಿತು, ಬೇರೇನೂ ಹಚ್ಚಬೇಡಿ. ಉರುಳದಿದ್ದರೆ, ಒಂದೇ ಒಗೆತದಲ್ಲಿ ಕಂಡೀಷನರ್‌ನ ಪಸೆ ಪೂರ್ತಿ ಹೋಗದೇ ಇರಬಹುದು, ಇನ್ನೊಮ್ಮೆ ಒಗೆದು ನೋಡಿ. ಆಮೇಲೂ ಬಟ್ಟೆ ನೀರು ಕುಡಿದರೆ ಮಾತ್ರ ಹೊಸ ಫಿನಿಶ್.

ಅದರಲ್ಲಿ ಎರಡು ಬಗೆ. ಒಂದು, ಒಗೆಯುವ ನೀರಿಗೆ ಬೆರೆಸುವುದು. ಎಲ್ಲ ಕಡೆ ಸಮನಾಗಿ ಹಿಡಿಯುತ್ತದೆ, ಆದರೆ ಒಳಪದರಕ್ಕೂ ಹಿಡಿಯುತ್ತದೆ. ಬೆವರು ಹೀರಬೇಕಾದ ಒಳಬಟ್ಟೆ ಹೀರುವುದನ್ನು ಬಿಟ್ಟುಬಿಡುತ್ತದೆ. ನಮ್ಮ ಸೆಕೆಗೆ ಇದು ಸರಿಯಲ್ಲ. ಅದಕ್ಕೇ ನಾನು ಹೇಳುವುದು ಎರಡನೆಯದು, ಸ್ಪ್ರೇ. ಫ್ಲೋರಿನ್ ಇಲ್ಲ ಅಂತ ಬರೆದಿರುವ, ನೀರಿನಲ್ಲಿ ಬೆರೆಸಿದ, ಕೈಯಿಂದ ಒತ್ತುವ ಬಾಟಲಿ ತಗೊಳ್ಳಿ. ಒಗೆದ ಜಾಕೆಟ್ ಇನ್ನೂ ಒದ್ದೆ ಇರುವಾಗಲೇ ಹ್ಯಾಂಗರ್‌ಗೆ ಹಾಕಿ, ಒಂದು ಗೇಣು ದೂರದಿಂದ ಸಮನಾಗಿ ಹೊಡೆಯಿರಿ. ಭುಜ, ಟೋಪಿ, ಮುಂಗೈ, ಬ್ಯಾಗ್ ಉಜ್ಜುವ ಬೆನ್ನಿನ ಭಾಗಕ್ಕೆ ಎರಡು ಸಲ. ಎರಡು ನಿಮಿಷ ಬಿಟ್ಟು ಇಳಿಯುವ ಬಿಳಿ ದ್ರವವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ಒಣಗಿದ ಮೇಲೆ ಕಲೆ ಕೂರುತ್ತದೆ. ಆಮೇಲೆ ಬಿಸಿ ಬೇಕೇ ಬೇಡವೇ ಅಂತ ಬಾಟಲಿಯ ಮೇಲೆ ಓದಿ, ಎಲ್ಲದಕ್ಕೂ ಬೇಕಾಗುವುದಿಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಇದನ್ನು ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಮಾಡಬೇಡಿ. ನೀರು ತಳ್ಳುವ ಸ್ಪ್ರೇಯ ಸಣ್ಣ ಹನಿಗಳು ಶ್ವಾಸಕೋಶಕ್ಕೆ ಹೋದರೆ ಕೆಮ್ಮು, ಉಸಿರಾಟದ ತೊಂದರೆ ಬರುತ್ತದೆ. ಗ್ಯಾಸ್ ತುಂಬಿದ ಡಬ್ಬಿಗಳಲ್ಲಿ ಹನಿ ಇನ್ನೂ ಸಣ್ಣದು, ಜೊತೆಗೆ ಬೆಂಕಿ ಹತ್ತುವ ಭಯ. ಬಾಲ್ಕನಿ ಅಥವಾ ಟೆರೇಸ್, ಮೂಗಿಗೆ ಮಾಸ್ಕ್, ಮಕ್ಕಳು ಮತ್ತು ಅಸ್ತಮಾ ಇರುವವರು ದೂರ.

ಮನೆಯಲ್ಲಿ ಹಚ್ಚಿದ ಫಿನಿಶ್ ಗಿರಣಿಯದಷ್ಟು ಬಾಳುವುದಿಲ್ಲ. ಸ್ಟೆಂಟರ್ ಬಿಸಿ ಅದಕ್ಕೆ ಸಿಕ್ಕಿರುವುದಿಲ್ಲ ಅಲ್ವಾ? ಮಳೆಗಾಲಕ್ಕೆ ಒಮ್ಮೆ ಹಚ್ಚುವ ಲೆಕ್ಕ ಇಟ್ಟುಕೊಳ್ಳಿ. ಬ್ಯಾಗಿನ ಪಟ್ಟಿ ಉಜ್ಜುವ ಭುಜಕ್ಕೆ ನಡುವೆ ಇನ್ನೊಮ್ಮೆ ಬೇಕಾಗಬಹುದು.

ಬಟ್ಟಲಿನ ಪರೀಕ್ಷೆಯಲ್ಲಿ ಹೊಲಿಗೆ ಸೋರಿದ್ದರೆ ಟೇಪ್ ನೋಡಿ. ಅಂಚು ಮಾತ್ರ ಎದ್ದಿದ್ದರೆ ಬೇಕಿಂಗ್ ಕಾಗದ ಇಟ್ಟು ಕಡಿಮೆ ಬಿಸಿಯ ಇಸ್ತ್ರಿಯಿಂದ ಒತ್ತಿದರೆ ಹಳೆಯ ಅಂಟೇ ಮತ್ತೆ ಹಿಡಿಯಬಹುದು. ಪೂರ್ತಿ ಕಿತ್ತು ಬಂದಿದ್ದರೆ ಟೇಪ್ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪಾಲಿಯುರಿಥೇನ್ ಸೀಮ್ ಸೀಲರ್ (ಹೊಲಿಗೆ ಮುಚ್ಚುವ ಅಂಟು) ಹಚ್ಚಿ ಒಂದು ದಿನ ಬಿಡಬೇಕು. ಸಿಲಿಕೋನ್ ಸೀಲರ್ ಇದಕ್ಕೆ ಹಿಡಿಯುವುದಿಲ್ಲ.

ಈಗ ನಿಮ್ಮ ಮನೆಯವರ ಜಾಕೆಟ್. ಅಂಟು, ಹುಳಿ ವಾಸನೆ, ಉದುರುವ ಬಿಳಿ ಪುಡಿ, ಈ ಮೂರೂ ಒಟ್ಟಿಗೆ ಇದ್ದರೆ ಕಾರಣ ಒಂದೇ. ಅದರ ಒಳಗಿನ ಬಿಳಿ ಲೇಪ ಪಾಲಿಯುರಿಥೇನ್. ಅದನ್ನು ತೇವವೇ ನಿಧಾನಕ್ಕೆ ತುಂಡು ತುಂಡಾಗಿ ಒಡೆಯುತ್ತದೆ. ಬಿಸಿ ಸೇರಿದರೆ ಒಡೆಯುವ ವೇಗ ಹೆಚ್ಚುತ್ತದೆ. ಹಾಕಿಕೊಂಡರೂ ಆಗುತ್ತದೆ, ಸುಮ್ಮನೆ ಇಟ್ಟರೂ ಆಗುತ್ತದೆ. ಮಳೆಗಾಲದಲ್ಲಿ ಅರೆ ಒಣಗಿದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿ, ಮೇ ತಿಂಗಳ ಬಿಸಿಯಲ್ಲಿ ಕಾಯುವ ಅಟ್ಟದಲ್ಲಿ ಇಟ್ಟರೆ ಬೇಗ ಆಗುತ್ತದೆ. ಮುಂಬೈ, ಗೋವಾದ ಗೆಳೆಯರ ಜಾಕೆಟ್‌ಗಳಿಗೆ ಇದು ಇನ್ನೂ ಬೇಗ ಬರುವುದನ್ನು ನೋಡಿದ್ದೇನೆ, ಅಲ್ಲಿ ವರ್ಷವಿಡೀ ತೇವ. ಹೊರಗಿನಿಂದ ಏನು ಹಚ್ಚಿದರೂ ಒಡೆದ ಲೇಪ ಮತ್ತೆ ಕೂಡುವುದಿಲ್ಲ. ಒಗೆದರೆ ಇನ್ನಷ್ಟು ಉದುರಿ ಮಷೀನ್ ಫಿಲ್ಟರ್ ಕಟ್ಟುತ್ತದೆ. ಹೊರಬಟ್ಟೆ ಗಟ್ಟಿ ಇದ್ದರೆ ಲೇಪವನ್ನು ಪೂರ್ತಿ ಉಜ್ಜಿ ತೆಗೆದು ಗಾಳಿ ತಡೆಯುವ ಜಾಕೆಟ್ ಆಗಿ ಬಳಸಬಹುದು. ಮಳೆಗೆ ಮಾತ್ರ ಅದನ್ನು ನಂಬಬೇಡಿ. ಟ್ರೆಕ್‌ನಲ್ಲಿ ನೆಂದು ಗಾಳಿಗೆ ಸಿಕ್ಕರೆ ಮೈ ನಡುಗಲು ಹೆಚ್ಚು ಹೊತ್ತು ಬೇಡ.

ನಿಮ್ಮ ಜಾಕೆಟ್‌ಗೆ ಆ ಗತಿ ಬರದಿರಲು ಮಳೆಗಾಲ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ ಒಗೆದು, ಪೂರ್ತಿ ಒಣಗಿಸಿ, ಗಾಳಿಯಾಡುವ ಕಪಾಟಿನಲ್ಲಿ ನೇತುಹಾಕಿ. ಮಡಿಸಿ ಅದರ ಚೀಲದಲ್ಲಿ ತುರುಕುವುದು ಟ್ರೆಕ್‌ನ ದಿನಕ್ಕೆ ಮಾತ್ರ.

ಬೈಕ್‌ಗೆ ಇದನ್ನು ಹಾಕುವುದನ್ನು ನಿಲ್ಲಿಸಿ. ವೇಗದ ಗಾಳಿಯಲ್ಲಿ ಮಳೆ ಎದೆಗೆ ಒತ್ತಡದಿಂದ ಬಡಿಯುತ್ತದೆ, ಕೂತಾಗ ಮಡಿಲಲ್ಲಿ ನೀರು ನಿಲ್ಲುತ್ತದೆ, ಮಸಿ ಮೆತ್ತುತ್ತದೆ. ಹಿಂಜವಡಿಯ ದಾರಿಗೆ ಕೆಲವು ನೂರು ರೂಪಾಯಿಯ ಪಿವಿಸಿ ರೇನ್‌ಕೋಟ್ ಮತ್ತು ಪ್ಯಾಂಟ್ ಸಾಕು. ಅದರಲ್ಲಿ ಆವಿ ಹೋಗುವುದಿಲ್ಲ, ಆದರೆ ಬೈಕ್ ಮೇಲೆ ಕೂತವರಿಗೆ ಬೆಟ್ಟ ಹತ್ತುವವರಷ್ಟು ಬೆವರೂ ಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ನೇತುಹಾಕಿದರೆ ಅದರ ಆರೈಕೆ ಮುಗಿಯಿತು. ಇಸ್ತ್ರಿ ಮಾತ್ರ ಸೋಕಿಸಬೇಡಿ.

ನಿಮ್ಮ ಮನೆಯವರಿಗೆ ಹೊಸದು ಕೊಳ್ಳುವಾಗ ಜಾಕೆಟ್‌ನ ಒಳಮೈಯನ್ನು ತಿರುಗಿಸಿ ನೋಡಿ. ಲೇಪ ಬರಿಗಣ್ಣಿಗೆ ಕಾಣುತ್ತಿದ್ದರೆ ಅದು ಮೈಗೆ, ಬೆವರಿಗೆ, ಬ್ಯಾಗಿಗೆ ನೇರ ಉಜ್ಜುತ್ತದೆ. ಅದರ ಮೇಲೆ ಬಟ್ಟೆಯ ಪದರ ಇದ್ದರೆ ಹೆಚ್ಚು ಬಾಳುತ್ತದೆ. ಲೇಬಲ್ ಮೇಲಿನ ಮಿಲಿಮೀಟರ್ ಅಂಕಿ ಎಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತದೆ ಅನ್ನುವುದು. ಬ್ಯಾಗ್ ಹೊತ್ತು ಸಹ್ಯಾದ್ರಿಯ ಮಳೆಯಲ್ಲಿ ನಡೆಯುವವರಿಗೆ 10,000 ಇರಲಿ ಅಂತ ನನ್ನ ಸಲಹೆ. ಕಂಕುಳ ಕೆಳಗೆ ಜಿಪ್ ಇರುವುದನ್ನೇ ಆರಿಸಿ. ಮೇ ತಿಂಗಳಲ್ಲಿ ಅಂಗಡಿಗೆ ಹೋದರೆ ಅಳತೆಗಳೆಲ್ಲ ಸಿಗುತ್ತವೆ, ಜೂನ್‌ನ ಮೊದಲ ಮಳೆಯ ನಂತರ ಸಿಕ್ಕಿದ್ದನ್ನು ತಗೊಳ್ಳಬೇಕಾಗುತ್ತದೆ.